ಪಾಯಿಂಟ್ ನೋಡುವವರು: ಹಿಡಕಲ್ ಸೀಮೆಯಲ್ಲಿ ಬಾವಿಯ ಜಾಗ ಹುಡುಕಿದ ಕಥೆ

ಹಿಡಕಲ್ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲನ ಗುಡಿ ಮುಳುಗಿದೆ. ಜಲಾಶಯ ತುಂಬಿರುವಷ್ಟು ದಿನ ನೀರೊಳಗೇ ಇರುವ ಆ ಕಲ್ಲಿನ ಗುಡಿ, ಬೇಸಗೆಯಲ್ಲಿ ನೀರಿಳಿದಂತೆ ಮೆಲ್ಲಗೆ ಮೇಲೆ ಬರುತ್ತದೆ. ಜನ ಬಿರಿದ ಮಣ್ಣಿನ ಮೇಲೆ ನಡೆದುಹೋಗಿ ಕೈಮುಗಿದು ಬರುತ್ತಾರೆ. ವಿಠ್ಠಲ ದರ್ಶನ ಕೊಡುವ ಆ ದಿನಗಳಲ್ಲೇ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಹಳ್ಳಿದಾರಿಯಲ್ಲಿ ತಮಿಳುನಾಡಿನ ನಂಬರಿನ ಬೋರ್ ಲಾರಿಗಳೂ ಕಾಣಿಸತೊಡಗುತ್ತವೆ. ರಾತ್ರಿಯಿಡೀ ಕಂಪ್ರೆಸರಿನ ಮೊರೆತ. ಬೆಳಗಾದರೆ ಯಾರದೋ ಬದುವಿನ ಪಕ್ಕ ಬೂದಿಬಣ್ಣದ ಕಲ್ಲಿನ ಹಿಟ್ಟಿನ ಗುಡ್ಡೆ.

51 ಟಿಎಂಸಿ ನೀರು ಹಿಡಿಯುವ ಹಿಡಕಲ್ಲಿನ ಈ ರಾಜಾ ಲಖಮಗೌಡ ಜಲಾಶಯದ ಮಗ್ಗುಲಲ್ಲೇ ಕುಡಿಯುವ ನೀರಿಗೆ ನೆಲ ಕೊರೆಯುವ ಹಳ್ಳಿಗಳಿವೆ ಎಂದರೆ ಹೊರಗಿನವರು ನಂಬುವುದಿಲ್ಲ. ಕಾಲುವೆ ಇಳಿಜಾರಿನ ಮಾತನ್ನಷ್ಟೇ ಕೇಳುತ್ತದೆ. 1897ರ ಧೂಪದಾಳ ಒಡ್ಡಿನಿಂದ ಶುರುವಾದ ಘಟಪ್ರಭಾ ಎಡದಂಡೆ ಕಾಲುವೆಯ ಕೆಳಗಿನ ಹೊಲಗಳಲ್ಲಿ ನೀರು ಹೆಚ್ಚಾಗಿ ಸವಳು-ಜವಳು ಎಂದು ಗೋಳಾಡುವವರಿದ್ದಾರೆ. ಅದೇ ಕಾಲುವೆಯಿಂದ ಒಂದಿಷ್ಟು ಎತ್ತರದಲ್ಲಿರುವ ಮಡ್ಡಿಯವರಿಗೆ ಕಾಲುವೆ ಕಣ್ಣಿಗೆ ಕಾಣುವ ನೀರು ಮಾತ್ರ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿದಾಗಲೂ ಮಡ್ಡಿಯ ಬೋರುಗಳಿಗೆ ಅದರಿಂದ ಹೆಚ್ಚೇನೂ ದಕ್ಕಲಿಲ್ಲ.

ಆದ್ದರಿಂದ ಮಡ್ಡಿಯಲ್ಲಿ ಹಳೆಯ ಪ್ರಶ್ನೆ ಪ್ರತಿ ಬೇಸಗೆಗೂ ಹೊಸದಾಗಿ ಏಳುತ್ತದೆ: ಎಲ್ಲಿ ಹೊಡೆಸಬೇಕು? ಬೋರಿನ ಜಾಗ, ಎಂದರೆ 'ಪಾಯಿಂಟ್', ಹೇಳುವವರು ಹಲವರು. ಒಬ್ಬರು ಗಿಡ ನೋಡುತ್ತಾರೆ, ಇನ್ನೊಬ್ಬರು ತೆಂಗಿನಕಾಯಿ ಹಿಡಿಯುತ್ತಾರೆ, ಮತ್ತೊಬ್ಬರು ಗೂಟ ನೆಟ್ಟು ಕರೆಂಟು ಹರಿಸುತ್ತಾರೆ. ಎಲ್ಲರ ಬಳಿಯೂ ಗೆದ್ದ ಬೋರುಗಳ ಪಟ್ಟಿಯಿದೆ. ಸೋತ ಬೋರುಗಳ ಪಟ್ಟಿ ಯಾರ ಬಳಿಯೂ ಇಲ್ಲ. ಈ ವಾದ ಇಷ್ಟು ಕಾಲ ಬಗೆಹರಿಯದೆ ಉಳಿದದ್ದಕ್ಕೆ ಅರ್ಧ ಕಾರಣ ಅಲ್ಲೇ ಇದೆ ಎಂದು ನನಗನಿಸುತ್ತದೆ.

ಮೊದಲು ಕಲ್ಲಿನ ಮಾತು

ಯಾರು ಸರಿ ಎಂದು ಕೇಳುವ ಮೊದಲು ಕೆಳಗೆ ಏನಿದೆ ಎಂದು ತಿಳಿಯಬೇಕು. ಈ ಮೂರು ತಾಲೂಕುಗಳ ನೆಲ ಒಂದೇ ಕಲ್ಲಿನದಲ್ಲ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯನ್ನು ಸುತ್ತಿ 1876ರಲ್ಲಿ ಪ್ರಕಟಿಸಿದ ವರದಿಯೇ ಈ ಭಾಗದ ಕಲ್ಲುಗಳಿಗೆ ಮೊದಲ ದೊಡ್ಡ ಲೆಕ್ಕಪುಸ್ತಕ. ಕಲಾದಗಿ ಶಿಲಾಸಮೂಹ ಎಂದು ಇಂದಿಗೂ ಕರೆಯುವುದು ಆ ಕಾಲದಿಂದ ಬಂದ ಹೆಸರಿನಿಂದಲೇ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಧುಮುಕುವುದು ಈ ಕಲಾದಗಿಯ ಮರಳುಗಲ್ಲಿನ ತುದಿಯಿಂದ. ಈ ಕಲ್ಲಿಗೆ ನೂರು ಕೋಟಿ ವರ್ಷಕ್ಕೂ ಮಿಕ್ಕ ವಯಸ್ಸು. ಕಣಕಣ ಬೆಸೆದು ಗಾಜಿನಂತಾಗಿರುವುದರಿಂದ ಅದರ ಮೈಯೊಳಗೆ ನೀರಿಗೆ ಜಾಗವಿಲ್ಲ. ನೀರಿದ್ದರೆ ಬಿರುಕಿನಲ್ಲಿ ಮಾತ್ರ.

ಹುಕ್ಕೇರಿಯ ಕಡೆ ಬಂದರೆ ಕಥೆ ಬೇರೆ. ಅಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಪದರ ಪದರವಾಗಿ ಕೂತಿದೆ. ದಖ್ಖನ್ ಬಸಾಲ್ಟು ಎನ್ನುವ ಕರಿಕಲ್ಲು ಇದೇ. ಪ್ರತಿ ಪದರದ ತಲೆಯ ಭಾಗ ಗುಳ್ಳೆಗುಳ್ಳೆಯಾಗಿ ಸವೆದು ಗರಸಾಗಿರುತ್ತದೆ, ಅಲ್ಲಿ ನೀರು ನಿಲ್ಲುತ್ತದೆ. ಹೊಟ್ಟೆಯ ಭಾಗ ಗಟ್ಟಿ ಹಾಸುಗಲ್ಲು. ಎರಡು ಪದರಗಳ ನಡುವೆ ಕೆಲವೆಡೆ ಕೆಂಪು ಜೇಡಿಯ ಪಟ್ಟಿಯೊಂದು ಹಾದುಹೋಗುತ್ತದೆ. ಅದು ನೀರನ್ನು ತಡೆದು ಮೇಲಿನ ಬಾವಿಗೆ ಒದಗಿಸುತ್ತದೆ, ಕೆಳಗಿನ ಬೋರಿಗೆ ಬಾರದಂತೆ ಮಾಡುತ್ತದೆ. ಮೂಡಲಗಿ ತಾಲೂಕಿನ ಯಾದವಾಡದತ್ತ ಹೋದರೆ ಸುಣ್ಣದ ಕಲ್ಲು. ಅಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದು ಅದಕ್ಕೇ. ಸುಣ್ಣದ ಕಲ್ಲು ನೀರಿಗೆ ಕರಗುತ್ತದೆ. ಕರಗಿ ಪೊಳ್ಳಾದ ಜಾಗ ಸಿಕ್ಕರೆ ಯೋಗ, ಹತ್ತು ಮಾರು ಆಚೆ ಹೊಡೆದರೆ ಬರೀ ಧೂಳು.

ಇದನ್ನು ಹೀಗೆ ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ಹುಕ್ಕೇರಿಯ ಹಳ್ಳದ ದಂಡೆಯ ಸವೆದ ಬಸಾಲ್ಟಿನಲ್ಲಿ ಕಣ್ಣುಮುಚ್ಚಿ ಹೊಡೆದರೂ ಒಂದಷ್ಟು ನೀರು ಬೀಳುವ ಸಂಭವ ಹೆಚ್ಚು. ಗೋಕಾಕದ ಗುಡ್ಡದ ಮರಳುಗಲ್ಲಿನಲ್ಲಿ ಕಣ್ಣುಬಿಟ್ಟು ಹೊಡೆದರೂ ತಪ್ಪುವ ಸಂಭವವೇ ಹೆಚ್ಚು. ಮೊದಲ ಊರಿನಲ್ಲಿ ಪಾಯಿಂಟ್ ನೋಡುವವನು ದೇವರಾಗುತ್ತಾನೆ, ಎರಡನೆಯ ಊರಿನಲ್ಲಿ ಮೋಸಗಾರನಾಗುತ್ತಾನೆ. ಆತ ಎರಡೂ ಕಡೆ ಮಾಡಿದ ಕೆಲಸ ಒಂದೇ.

ಗಿಡ, ಹುತ್ತ, ಜಲದ ನರ

ನೀರಿನ ಜಾಗ ಹೇಳುವ ಶಾಸ್ತ್ರ ನಮ್ಮಲ್ಲಿ ಹಳೆಯದು. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ದಕಾರ್ಗಲ ಎಂಬ ಇಡೀ ಅಧ್ಯಾಯ ಇದಕ್ಕೇ ಮೀಸಲು. ಮನುಷ್ಯನ ಮೈಯಲ್ಲಿ ನರಗಳಿರುವಂತೆ ಭೂಮಿಯಲ್ಲಿ ನೀರಿನ ಸಿರೆಗಳಿವೆ ಎನ್ನುವುದು ಅಲ್ಲಿನ ತಿಳಿವಳಿಕೆ. ನೇರಳೆ ಮರದ ಮೂಡಣಕ್ಕೆ ಹತ್ತಿರದಲ್ಲಿ ಹುತ್ತವಿದ್ದರೆ ತೆಂಕಣಕ್ಕೆ ಮೂರು ಮೊಳ ಅಳೆದು ಎರಡಾಳು ತೋಡು, ಸಿಹಿನೀರು ಸಿಗುತ್ತದೆ. ನಡುವೆ ಇಂಥ ಮಣ್ಣು, ಇಂಥ ಕಲ್ಲು ಎದುರಾಗುತ್ತದೆ ಎಂಬಂಥ ಖಚಿತ ಮಾತುಗಳು ಅಲ್ಲಿವೆ. ಆಳವನ್ನು ವರಾಹಮಿಹಿರ ಪುರುಷಪ್ರಮಾಣದಲ್ಲಿ, ಎಂದರೆ ಕೈಯೆತ್ತಿ ನಿಂತ ಆಳಿನ ಎತ್ತರದಲ್ಲಿ ಹೇಳುತ್ತಾನೆ. ಕನ್ನಡದಲ್ಲೇ ಬೇಕೆನ್ನುವವರಿಗೆ 11ನೆಯ ಶತಮಾನದ ಚಾಲುಕ್ಯರ ಕಾಲದ ಚಾವುಂಡರಾಯನ ಲೋಕೋಪಕಾರ ಇದೆ. ಅಡುಗೆ, ಸುಗಂಧ, ಮರಗಿಡಗಳ ಆರೈಕೆಗಳ ಜೊತೆಗೆ ಬಾವಿಯ ನೆಲೆ ಗುರುತಿಸುವುದನ್ನೂ ಅದು ಹೇಳುತ್ತದೆ. ಗೃಹಸ್ಥನಿಗೆ ಬೇಕಾದ ತಿಳಿವಳಿಕೆಗಳ ನಡುವೆ ಇದಕ್ಕೂ ಜಾಗವಿತ್ತೆಂದಾಯಿತು.

ತಿರುಪತಿಯ ಶ್ರೀವೆಂಕಟೇಶ್ವರ ವಿಶ್ವವಿದ್ಯಾಲಯದ ಇ.ಎ.ವಿ. ಪ್ರಸಾದ್ 1980ರಲ್ಲಿ ವರಾಹಮಿಹಿರನ ಈ ಅಧ್ಯಾಯದ ಬಗ್ಗೆ ಪುಸ್ತಕವನ್ನೇ ಬರೆದು, ಇದು ಬರಿಯ ನಂಬಿಕೆಯಲ್ಲ, ಜೀವಿಗಳನ್ನು ನೋಡಿ ನೀರನ್ನು ಊಹಿಸುವ ವಿದ್ಯೆ ಎಂದು ವಾದಿಸಿದರು. ಅದರಲ್ಲಿ ಹುರುಳಿದೆ. ಗೆದ್ದಲಿಗೆ ಹಸಿ ಬೇಕು. ಹುತ್ತದೊಳಗಿನ ಗಾಳಿ ಒಣಗಿದರೆ ಅದು ಬದುಕುವುದಿಲ್ಲ. ಅತ್ತಿ ಮರ, ಈಚಲ ಗಿಡ ಸುಮ್ಮನೆ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ನಮ್ಮ ಕಡೆಯ ಹಳೆಯ ತೋಡುಬಾವಿಗಳನ್ನು ನೋಡುತ್ತ ಹೋದರೆ ಹೆಚ್ಚಿನವು ಹಳ್ಳದ ತಿರುವಿನಲ್ಲಿ, ಎರಿ (ಕರಿಮಣ್ಣು) ಮತ್ತು ಮಸಾರಿ (ಕೆಂಪುಮಣ್ಣು) ಕೂಡುವಲ್ಲಿ, ಕೆರೆಯ ಕೆಳಗೆ ಇವೆ. ತೋಡಿದವರು ಸಂಸ್ಕೃತ ಓದಿರಲಿಲ್ಲ, ನೆಲ ಓದಿದ್ದರು.

ಆದರೆ ಈ ಶಾಸ್ತ್ರಕ್ಕೊಂದು ಎಲ್ಲೆಯಿದೆ. ಗಿಡದ ಬೇರು ಮುಟ್ಟುವ ನೀರಿನ ಬಗ್ಗೆ ಮಾತ್ರ ಗಿಡ ಸಾಕ್ಷಿ ಹೇಳಬಲ್ಲದು. ನೀರು ಐದಾರು ನೂರು ಫೂಟಿಗೆ ಇಳಿದ ಹೊಲದಲ್ಲಿ ಅತ್ತಿ ಮರ ಹೇಳುವುದು ಅಜ್ಜನ ಕಾಲದ ಸುದ್ದಿ.

ತೆಂಗಿನಕಾಯಿ ಎದ್ದು ನಿಂತಾಗ

ನಮ್ಮ ಸೋದರಮಾವನ ಹೊಲದಲ್ಲಿ ನಾನು ಕಣ್ಣಾರೆ ಕಂಡದ್ದು: ಬೆಳಗಿನ ಜಾವ, ಬರಿಗಾಲು, ಅಂಗೈ ಮೇಲೆ ಜುಟ್ಟಿರುವ ಅಡ್ಡ ತೆಂಗಿನಕಾಯಿ. ಪಾಯಿಂಟ್ ನೋಡಲು ಬಂದಾತ ಹೊಲದುದ್ದಕ್ಕೂ ನಡೆದು ಒಂದು ಕಡೆ ತಡೆದ. ಕಾಯಿ ಎದ್ದು ನೆಟ್ಟಗೆ ನಿಂತಿತು. ಮಾವ ಕಲ್ಲಿಟ್ಟು ಕುಂಕುಮ ಹಚ್ಚಿದರು. "ಎಷ್ಟ ಫೂಟಿಗೆ ಬೀಳತಾವ್ರಿ?" ಎಂದು ಕೇಳಿದ್ದಕ್ಕೆ ಆತ "ಮುನ್ನೂರರೊಳಗ ಎರಡಿಂಚ ಬೀಳತಾವ್ ನೋಡ್ರಿ" ಅಂದ. ನಾನೂರಕ್ಕೆ ಅರ್ಧ ಇಂಚು ಬಿತ್ತು. ಮಾವನ ಲೆಕ್ಕದಲ್ಲಿ ಅದು ಗೆಲುವು, ನನ್ನ ಲೆಕ್ಕದಲ್ಲಿ ಸೋಲು. ಈ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಕಾಯಿಯ ಬದಲು ಬೇವಿನ ಕವಲುಕಡ್ಡಿ ಹಿಡಿಯುವವರಿದ್ದಾರೆ, ತಾಮ್ರದ ಸರಳು ಹಿಡಿಯುವವರಿದ್ದಾರೆ. ಕಾಲು ಮುಂದಾಗಿ ಹುಟ್ಟಿದವರಿಗೆ ಈ ಕೈಗುಣ ಒಲಿಯುತ್ತದೆ ಎಂಬುದು ಹಳೆಯ ನಂಬಿಕೆ; ಓ ಪಾಸಿಟಿವ್ ರಕ್ತದವರಿಗೆ ಒಲಿಯುತ್ತದೆ ಎಂಬುದು ಅದರ ಹೊಸ ಅವತಾರ. ಇದು ನಮ್ಮ ಹಳ್ಳಿಗಳದ್ದಷ್ಟೇ ಮರುಳು ಎಂದುಕೊಳ್ಳುವುದು ಬೇಡ. ಜರ್ಮನಿಯ ಗಣಿಗಾರರು ಕವಲುಕಡ್ಡಿ ಹಿಡಿದು ಅದಿರು ಹುಡುಕುವುದನ್ನು ಅಗ್ರಿಕೋಲಾ 1556ರಲ್ಲೇ ಬರೆದು, ತಿಳಿದ ಗಣಿಗಾರನಿಗೆ ಇದರ ಹಂಗು ಬೇಡ ಎಂದಿದ್ದ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1920ರ ದಶಕದ ನಡುಭಾಗದಲ್ಲಿ, ಬರದ ಸೀಮೆಗಳಲ್ಲಿ ಬಾವಿಯ ಜಾಗ ತೋರಿಸಲೆಂದು ಮೇಜರ್ ಪಾಗ್ಸನ್ ಎಂಬ ಕಡ್ಡಿ ಹಿಡಿಯುವ ಅಧಿಕಾರಿಯನ್ನೇ ಸರ್ಕಾರ ನೇಮಿಸಿಕೊಂಡಿತ್ತು. ಅದಕ್ಕೂ ಮೊದಲು, 1910ರ ದಶಕದಲ್ಲಿ, ಮುಂಬಯಿ ಕೃಷಿ ಇಲಾಖೆಯ ಹೆರಾಲ್ಡ್ ಮ್ಯಾನ್ ಲಿವರ್‌ಪೂಲಿನಿಂದ ಬಂದ 'ತಾನಾಗಿ ನೀರು ಹುಡುಕುವ ಯಂತ್ರ'ವೊಂದನ್ನು ಇದೇ ಬಸಾಲ್ಟು ನೆಲದಲ್ಲಿ ಪರೀಕ್ಷೆಗಿಟ್ಟಿದ್ದರು. ಪೆಟ್ಟಿಗೆಯೊಳಗಿನ ಮುಳ್ಳು ಅಲುಗಿದರೆ ಕೆಳಗೆ ನೀರು ಹರಿಯುತ್ತಿದೆ ಎಂದು ಅರ್ಥ. ಕಾಯಿಗೂ ಮುಳ್ಳಿಗೂ ಎಷ್ಟು ಅಂತರ ಎಂಬುದು ಓದುಗರಿಗೆ ಬಿಟ್ಟದ್ದು.

ಕಾಯಿ ಏಳುವುದು ಸುಳ್ಳಲ್ಲ. ಏಳಿಸುವುದು ಯಾವುದು ಎಂಬುದು ಪ್ರಶ್ನೆ. ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್ 1852ರಲ್ಲೇ ಇದಕ್ಕೊಂದು ವಿವರಣೆ ಕೊಟ್ಟರು: ಮನಸ್ಸಿನಲ್ಲಿ ಮೂಡಿದ ಎಣಿಕೆ ತನಗೇ ಗೊತ್ತಾಗದಂತೆ ಸ್ನಾಯುವನ್ನು ಅಲುಗಿಸುತ್ತದೆ. ಹಾಗಾದರೆ ಕಾಯಿ ಹಿಡಿದವನು ಮೋಸಗಾರನಲ್ಲ. ಹತ್ತಾರು ವರ್ಷ ಹೊಲ ನೋಡಿದ ಅವನ ಕಣ್ಣು ತೂಗಿದ್ದನ್ನು ಕೈ ಹೇಳುತ್ತಿರಬಹುದು. ಈ ಮಧ್ಯಮ ವಾದ ನನಗೆ ಇಷ್ಟ. ಆದರೆ ಇದನ್ನು ಒಪ್ಪಿದರೆ ಕಾಯಿ ಕಿತ್ತುಕೊಂಡರೂ ಅವನು ಅಷ್ಟೇ ಚೆನ್ನಾಗಿ ಹೇಳಬೇಕಲ್ಲ? ಅದನ್ನು ಯಾರೂ ಮಾಡಿ ನೋಡುವುದಿಲ್ಲ.

1980ರ ದಶಕದ ಕೊನೆಗೆ ಮ್ಯೂನಿಕ್ಕಿನಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಸುಮಾರು 500 ಜನರಿಂದ ಆಯ್ದ 43 ಮಂದಿ ಕಣಜದ ಅಟ್ಟದ ಮೇಲೆ ನಡೆದು, ಕೆಳಗಿನ ಅಂತಸ್ತಿನಲ್ಲಿ ಅತ್ತಿತ್ತ ಸರಿಸುತ್ತಿದ್ದ ನೀರಿನ ಕೊಳವೆ ಎಲ್ಲಿದೆ ಎಂದು ಹೇಳಬೇಕು. 843 ಸುತ್ತು ಮುಗಿದ ಮೇಲೆ ಕೆಲವರಿಗೆ ನಿಜವಾದ ಶಕ್ತಿಯಿದೆ ಎಂದು ಪರೀಕ್ಷೆ ನಡೆಸಿದವರು ಸಾರಿದರು. ಅದೇ ಅಂಕಿಗಳನ್ನು ಮರಳಿ ಲೆಕ್ಕ ಹಾಕಿದ ಜಿಮ್ ಎನ್‌ರೈಟ್, ಇದು ಕುರುಡು ಊಹೆಗಿಂತ ಹೆಚ್ಚಿನದೇನಲ್ಲ, ಒಂದು ದಿನ ಗೆದ್ದವನು ಮರುದಿನ ಗೆಲ್ಲಲಿಲ್ಲ ಎಂದು ತೋರಿಸಿದರು. ಮ್ಯೂನಿಕ್ಕಿನ ಪರೀಕ್ಷೆ ನಡೆಸಿದ ಗುಂಪಿನ ಹಾನ್ಸ್-ಡೀಟರ್ ಬೆಟ್ಜ್, ಶ್ರೀಲಂಕಾದ ಒಣ ಸೀಮೆಯಲ್ಲಿ ಕಡ್ಡಿ ಹಿಡಿದು ಗುರುತಿಸಿದ 691 ಬಾವಿಗಳ ಪೈಕಿ ನೂರಕ್ಕೆ 96 ಗೆದ್ದವು ಎಂದು 1995ರಲ್ಲಿ ಬರೆದರು. ಕೇಳಿದರೆ ಬೆರಗು. ಆದರೆ ಪಕ್ಕದಲ್ಲೇ, ಕಡ್ಡಿ 'ಬೇಡ' ಎಂದ ಜಾಗದಲ್ಲಿ, ಅಷ್ಟೇ ಬಾವಿ ಕೊರೆದು ನೋಡಲಿಲ್ಲ. ಹುಕ್ಕೇರಿಯ ಹಳ್ಳದ ದಂಡೆಯ ಮಾತನ್ನು ಇಲ್ಲಿ ನೆನೆಯಬೇಕು.

ನಾಲ್ಕು ಗೂಟದ ಯಂತ್ರ

ಭೂವಿಜ್ಞಾನಿಗಳು ನೆಚ್ಚುವುದು ನೆಲದ ವಿದ್ಯುತ್ ತಡೆಯನ್ನು. 1910ರ ದಶಕದಲ್ಲಿ ಫ್ರಾನ್ಸಿನ ಶ್ಲುಂಬರ್ಜೆ, ಅಮೆರಿಕದ ವೆನ್ನರ್ ಬೇರೆ ಬೇರೆಯಾಗಿ ಕಂಡುಕೊಂಡ ಕ್ರಮವಿದು. ಹೊರಗಿನ ಎರಡು ಗೂಟದಿಂದ ಕರೆಂಟು ಹರಿಸಿ, ಒಳಗಿನ ಎರಡು ಗೂಟದಲ್ಲಿ ಅಳೆಯುವುದು. ಗೂಟಗಳ ನಡುವಿನ ದೂರ ಹೆಚ್ಚಿಸುತ್ತ ಹೋದಂತೆ ಅಳತೆ ಆಳಕ್ಕೆ ಇಳಿಯುತ್ತದೆ. ಒಣ ಗಟ್ಟಿ ಕಲ್ಲು ಕರೆಂಟಿಗೆ ದಾರಿ ಬಿಡುವುದಿಲ್ಲ, ತೊಯ್ದ ಗರಸು ಬಿಡುತ್ತದೆ. ಗರಸು ಎಷ್ಟು ದಪ್ಪ, ಕೇಸಿಂಗ್ ಪೈಪು ಎಷ್ಟು ಬೇಕು ಎಂಬುದನ್ನು ಇದು ಚೆನ್ನಾಗಿಯೇ ಹೇಳುತ್ತದೆ. ಗಂಗಾ ಕಲ್ಯಾಣದಂಥ ಯೋಜನೆಗಳ ಬೋರಿಗೂ, ಪಂಚಾಯಿತಿಯ ಕುಡಿಯುವ ನೀರಿನ ಬೋರಿಗೂ ಭೂವಿಜ್ಞಾನಿಯ ಪಾಯಿಂಟ್ ಕೇಳುವುದು ಈ ಬಲದ ಮೇಲೆ.

ತೊಡಕುಗಳೂ ಇವೆ. ನಾನೂರು ಫೂಟಿನ ಕೆಳಗೆ ಬೆರಳಗಲದ ಬಿರುಕಿನಲ್ಲಿ ನೀರಿದ್ದರೆ ಮೇಲಿನ ಗೂಟಕ್ಕೆ ಅದು ಗೊತ್ತಾಗುವುದು ಕಷ್ಟ. ಹಸಿ ಜೇಡಿ, ಸವಳು ನೀರು, ಬಸಾಲ್ಟಿನ ನಡುವಿನ ಕೆಂಪು ಪಟ್ಟಿ ಇವೆಲ್ಲ ಸಿಹಿನೀರಿನ ವೇಷ ಹಾಕಿ ಯಂತ್ರವನ್ನು ನಂಬಿಸುತ್ತವೆ. ಎಲ್ಲಕ್ಕಿಂತ ದೊಡ್ಡದು ಜಾಗದ ತೊಡಕು. ಅಷ್ಟು ಆಳ ಅಳೆಯಲು ತಂತಿ ನಾಲ್ಕೈದು ನೂರು ಮೀಟರ್ ಉದ್ದಕ್ಕೆ ಹಾಸಬೇಕು. ಎರಡೆಕರೆಯವನ ಹೊಲ ಅಷ್ಟು ಉದ್ದವಿರುವುದಿಲ್ಲ, ಪಕ್ಕದವನ ಕಬ್ಬಿನೊಳಗೆ ಗೂಟ ಬಡಿಯಲು ಆತ ಬಿಡುವುದಿಲ್ಲ. ಹೀಗೆ ಅರೆಬರೆ ಅಳೆದು ಕೊಟ್ಟ ಪಾಯಿಂಟ್ ಸೋತಾಗ 'ಸಾಯನ್ಸೂ ಅಷ್ಟೇ' ಎಂಬ ಮಾತು ಹುಟ್ಟುತ್ತದೆ. ಈಗ ಮೊಬೈಲಿನ ಪರದೆಯ ಮೇಲೆ ಬಣ್ಣದ ಚಿತ್ರ ಮೂಡಿಸುವ ಕೈಯಂತ್ರಗಳೂ ಬಂದಿವೆ. ನೀಲಿ ಬಣ್ಣ ಕಂಡರೆ ರೈತ ನಂಬುತ್ತಾನೆ, ಕಾಯಿಯನ್ನು ನಂಬಿದ ಹಾಗೆಯೇ.

ಉಪಗ್ರಹದ ಚಿತ್ರದಲ್ಲಿ ನೆಲದ ಉದ್ದನೆಯ ಸೀಳುಗೆರೆಗಳನ್ನು ಗುರುತಿಸಿ, ಎಲ್ಲೆಲ್ಲಿ ನೀರಿನ ಸಾಧ್ಯತೆ ಇದೆಯೆಂದು ತೋರಿಸುವ ನಕ್ಷೆಗಳನ್ನು ಕುಡಿಯುವ ನೀರಿನ ರಾಷ್ಟ್ರೀಯ ಮಿಷನ್ನಿಗಾಗಿ ಇಸ್ರೋ ಮಾಡಿಕೊಟ್ಟಿದೆ. ತುಮಕೂರು ಜಿಲ್ಲೆಯ ಅಂಕಸಂದ್ರದಲ್ಲಿ ಹೆಲಿಕಾಪ್ಟರಿಗೆ ದೊಡ್ಡ ಬಳೆಯಂಥ ಯಂತ್ರ ತೂಗುಹಾಕಿ ನೆಲದೊಳಗನ್ನು ಓದುವ ಪ್ರಯೋಗವೂ ನಡೆದಿದೆ. ನಕ್ಷೆ ಊರನ್ನು ತೋರಿಸುತ್ತದೆ. ರೈತ ಕೇಳುವುದು ಬದುವಿನ ಈಚೆಯೋ ಆಚೆಯೋ ಎಂದು.

ಕಲ್ಲಿಗಿಂತ ಮೊದಲು ಕಾಗದ

ಇನ್ನೊಂದು ಬಗೆಯ ವಿವರಣೆ ನೆಲದ ಮೇಲಿನದು. ಬೋರ್ ಎಲ್ಲಿ ಬೀಳುತ್ತದೆ ಎಂಬುದನ್ನು ತೀರ್ಮಾನಿಸುವುದು ಹೊಲದ ಉತಾರ (ಪಹಣಿ), ಕರೆಂಟ್ ಕಂಬ, ರಿಗ್ ಲಾರಿ ತಿರುಗುವ ದಾರಿ, ಪಂಚಾಯಿತಿ ಸದಸ್ಯನ ಓಣಿ ಎನ್ನುವವರಿದ್ದಾರೆ. ಒಂದೂವರೆ ಎಕರೆಯವನಿಗೆ 'ಎಲ್ಲಿ' ಎಂಬ ಪ್ರಶ್ನೆಯೇ ಇಲ್ಲ. ಬಿರುಕು ಪಕ್ಕದ ಹೊಲದಲ್ಲಿ ಹಾದುಹೋಗಿದ್ದರೆ ಅವನ ಪಾಲಿಗೆ ಭೂವಿಜ್ಞಾನ ಮುಗಿಯಿತು.

ಇದಕ್ಕೆ ಇತಿಹಾಸವೂ ಇದೆ. 1960ರ ದಶಕದ ಕೊನೆಯವರೆಗೆ ಬಾವಿ ಎಂದರೆ ತೋಡುಬಾವಿ, ನೀರೆತ್ತುವುದು ಎತ್ತು. ಬಿಹಾರದ 1966–67ರ ಬರದ ಹೊತ್ತಿಗೆ ಯುನಿಸೆಫ್ ಗಟ್ಟಿಕಲ್ಲು ಒಡೆಯುವ ಗಾಳಿ-ಸುತ್ತಿಗೆಯ ರಿಗ್ಗುಗಳನ್ನು ತರಿಸಿತು. ಮೊದಲು ಕುಡಿಯುವ ನೀರಿಗೆ ಬಂದ ಆ ಯಂತ್ರ ಆಮೇಲೆ ತಮಿಳುನಾಡಿನ ತಿರುಚೆಂಗೋಡಿನ ಲಾರಿಗಳನ್ನೇರಿ ದೇಶವನ್ನೆಲ್ಲ ಸುತ್ತಿತು. ಅದೇ ಹೊತ್ತಿಗೆ, 1969ರಲ್ಲಿ, ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಮೊದಲು ಕಟ್ಟಿದ ಅಂಥ ಐದು ಸಂಘಗಳಲ್ಲಿ ಇದೊಂದು. ಕಂಬ ಬಂತು, ಪಂಪು ಬಂತು. 2008ರಿಂದ 10 ಅಶ್ವಶಕ್ತಿವರೆಗಿನ ಪಂಪಿಗೆ ರಾಜ್ಯದಲ್ಲಿ ಕರೆಂಟು ಪುಕ್ಕಟೆ. ಆಳ ಅಂಜಿಕೆಯಾಗಿ ಉಳಿಯಲಿಲ್ಲ. ಫೂಟಿನ ಲೆಕ್ಕದಲ್ಲಿ ದುಡ್ಡು ಎಣಿಸುವ ರಿಗ್ಗಿನವನಿಗೂ, ಅವನಿಂದ ಕಮಿಷನ್ ಪಡೆಯುವ ಏಜೆಂಟನಿಗೂ 'ಇನ್ನೆರಡು ರಾಡು ಇಳಿಸೋಣ್ರಿ' ಎನ್ನುವುದರಲ್ಲಿ ನಷ್ಟವಿಲ್ಲ.

ಕಾಯಿದೆ ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು 1999ರ ಕರ್ನಾಟಕದ ಕಾಯಿದೆ ಹೇಳುತ್ತದೆ. 2011ರದ್ದು ನೋಂದಣಿ ಮಾಡಿಸಿ ಎನ್ನುತ್ತದೆ. ಊರಿನ ಟಾಕಿಯ ಬೋರಿನಿಂದ ಕೂಗಳತೆಯಲ್ಲಿ ಎಷ್ಟು ಖಾಸಗಿ ಬೋರುಗಳಿವೆ ಎಂದು ಎಣಿಸುವುದಕ್ಕೆ ಯಂತ್ರ ಬೇಡ.

ಎಲ್ಲಿ ಎಂದಲ್ಲ, ಎಷ್ಟು ಎಂದು

ಕೊನೆಯ ಪಂಥದವರು ಪ್ರಶ್ನೆಯನ್ನೇ ತಿದ್ದುತ್ತಾರೆ. ಇಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಸವೆದ ಬಸಾಲ್ಟಿನಲ್ಲಿ ಮಳೆಯ ನೂರಕ್ಕೆ ಆರರಿಂದ ಎಂಟು ಪಾಲು ಮಾತ್ರ ಇಂಗುತ್ತದೆ ಎಂಬುದು ಕೇಂದ್ರದ ಅಂತರ್ಜಲ ಅಂದಾಜು ಸಮಿತಿಯ ಮಾನದಂಡ. ಒರಟಾಗಿ ಲೆಕ್ಕ ಹಾಕಿದರೆ ಒಂದೆಕರೆಯಲ್ಲಿ ವರ್ಷಕ್ಕೆ ಇಂಗುವುದು ಹೆಚ್ಚೆಂದರೆ ಎರಡು ಲಕ್ಷ ಲೀಟರಿನ ಆಸುಪಾಸು. ಒಂದೆಕರೆ ಕಬ್ಬಿಗೆ ಮಳೆ ಕಳೆದು ಇನ್ನೂ 1,500 ಮಿಲಿಮೀಟರ್ ಬೇಕೆಂದರೂ 60 ಲಕ್ಷ ಲೀಟರ್ ಆಯಿತು. ಎಂದರೆ ಕಡಿಮೆಯೆಂದರೂ 30 ಎಕರೆಯಲ್ಲಿ ಇಂಗಿದ್ದನ್ನು ಒಂದೆಕರೆ ಕುಡಿಯುತ್ತದೆ. ಇಂಥ ಲೆಕ್ಕದೆದುರು ಪಾಯಿಂಟ್ ಸರಿಯಿತ್ತೋ ತಪ್ಪಿತ್ತೋ ಎಂಬ ವಾದ ಸಣ್ಣದಾಗಿ ಕಾಣುತ್ತದೆ. ಸರಿಯಾದ ಪಾಯಿಂಟಿನ ಬೋರು ಪಕ್ಕದವನ ಬೋರನ್ನು ಬೇಗ ಒಣಗಿಸುತ್ತದೆ, ಅಷ್ಟೇ.

ಮಹಾರಾಷ್ಟ್ರದ ಹಿವರೆ ಬಜಾರಿನಲ್ಲಿ ಪೋಪಟರಾವ್ ಪವಾರರ ಮುಂದಾಳುತನದಲ್ಲಿ ಊರವರು ನೀರಾವರಿಗೆ ಬೋರ್ ಹೊಡೆಸುವುದನ್ನೇ ನಿಲ್ಲಿಸಿ, ಮಳೆ ನೋಡಿ ಬೆಳೆ ನಿಶ್ಚಯಿಸುತ್ತಾರೆ. ಗದಗ ಸೀಮೆಯ ಅಯ್ಯಪ್ಪ ಮಸಗಿಯಂಥವರು ಸತ್ತ ಬೋರಿನ ಸುತ್ತ ಗುಂಡಿ ತೆಗೆದು ಮಳೆನೀರು ಇಳಿಸುವುದನ್ನು ಊರೂರಿಗೆ ಕಲಿಸಿದರು. ಎರಡೂ ಒಳ್ಳೆಯ ದಾರಿ. ಆದರೆ ಹಿವರೆ ಬಜಾರಿನಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳ ಸಾಲು ಇರಲಿಲ್ಲ. ಘಟಪ್ರಭೆಯ ಬಯಲಿನ ಮಗ್ಗುಲಲ್ಲಿ ಕೂತವನಿಗೆ ಜೋಳ ಬಿತ್ತು ಎಂದು ಹೇಳುವುದು ಸುಲಭದ ಮಾತಲ್ಲ.

ಬಗೆಹರಿಯದವು

ಕಾಯಿಯವನನ್ನೂ ಭೂವಿಜ್ಞಾನಿಯನ್ನೂ ಕರೆಸಿ, ಇಬ್ಬರ ಗುರುತು ಕೂಡಿದ ಕಡೆ ಹೊಡೆಸುವುದು ಈಗ ಹಲವು ರೈತರ ರೂಢಿ. ಹೀಗೆ ಹೊಡೆದ ಬೋರು ಗೆದ್ದರೆ ಅದು ಯಾರ ಖಾತೆಗೆ? ಒಂದೇ ಬಗೆಯ ಕಲ್ಲಿನಲ್ಲಿ, ಕಾಯಿಯ ಪಾಯಿಂಟ್, ಗೂಟದ ಪಾಯಿಂಟ್, ಮತ್ತು ಸುಮ್ಮನೆ ಕಲ್ಲೆಸೆದು ಗುರುತಿಸಿದ ಪಾಯಿಂಟ್ ಮೂರನ್ನೂ ಸಾಲಾಗಿ ಕೊರೆದು ಹೋಲಿಸಿದರೆ ಮಾತ್ರ ತಿಳಿದೀತು. ಅದರ ಖರ್ಚು ಯಾರು ಕೊಡಬೇಕು?

ಗೆಲುವು ಎಂದರೇನು ಎಂಬುದೂ ನಿಂತಿಲ್ಲ. ಬೋರ್ ಹೊಡೆದ ರಾತ್ರಿ ಚಿಮ್ಮಿದ ಇಂಚೋ, ಮೂರನೆಯ ಬೇಸಗೆಯಲ್ಲಿ ಉಳಿದ ಇಂಚೋ? ಬಿದ್ದ ನೀರು ಸವಳಾದರೆ ಅದು ಯಾವ ಕಡೆಗೆ?

ಸೋತ ಬೋರಿನ ಲೆಕ್ಕದ ಮಾತು ಅಂಕಿಯಷ್ಟೇ ಅಲ್ಲ. 2017ರ ಏಪ್ರಿಲ್‌ನಲ್ಲಿ ಇದೇ ಜಿಲ್ಲೆಯ ಅಥಣಿ ತಾಲೂಕಿನ ಝುಂಜರವಾಡದಲ್ಲಿ ತೆರೆದುಬಿಟ್ಟ ಕೊಳವೆಗೆ ಬಿದ್ದ ಮಗು ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಬಿದ್ದ ಮಗು ಬದುಕಿ ಮೇಲೆ ಬಂತು. ಬಿಟ್ಟ ಬೋರನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಮುಚ್ಚುವ ಹೊತ್ತಿಗೆ ಆಳ, ಕಲ್ಲು, ಪಾಯಿಂಟ್ ಕೊಟ್ಟವರು ಯಾರು ಎಂಬ ಮೂರು ಸಾಲು ಬರೆದಿಟ್ಟಿದ್ದರೆ, ಇಷ್ಟು ಹೊತ್ತಿಗೆ ಈ ಲೇಖನ ಬೇರೆಯಾಗುತ್ತಿತ್ತು.

ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ಕೆಳಗಿದೆ. ಬಸಾಲ್ಟು ದಾಟಿ ಅದರಡಿಯ ಕಲಾದಗಿ ಕಲ್ಲಿಗೆ ಇಳಿದ ಬೋರುಗಳಲ್ಲಿ ಸಿಗುವ ನೀರು ಯಾವ ಕಾಲದ ಮಳೆ? ಹೋದ ವರ್ಷದ್ದಾದರೆ ಮತ್ತೆ ಬಂದೀತು. ಅಜ್ಜನ ಅಜ್ಜನ ಕಾಲದ್ದಾದರೆ ಕಾಯಿ, ಗೂಟ, ನೀಲಿ ಪರದೆ ಎಲ್ಲವೂ ತೋರಿಸುತ್ತಿರುವುದು ಒಮ್ಮೆ ಮಾತ್ರ ತೆಗೆಯಬಹುದಾದ ಗಂಟನ್ನು. ಈ ಬೇಸಗೆ ಸೋದರಮಾವ ಐದನೆಯ ಪಾಯಿಂಟಿಗೆ ಕಲ್ಲಿಟ್ಟಿದ್ದಾರೆ. ವಿಠ್ಠಲನ ಗುಡಿ ಆಗಲೇ ಮೊಣಕಾಲ ಮಟ್ಟ ಮೇಲೆ ಬಂದಿದೆಯಂತೆ.